ಗುರುತಿನ ಚೀಟಿ ಇದ್ದರೆ ಸಾಲದು, ಕಂಪ್ಯೂಟರ್ ಅದನ್ನು ಗುರುತಿಸಬೇಕು

ಬೆಂಗಳೂರು: ಸರ್ಕಾರ ನೀಡಿದ ರಾಷ್ಟ್ರೀಯ ಸ್ಮಾರ್ಟ್ ಕಾರ್ಡ್ ಕೈಯಲ್ಲಿದ್ದರೂ ಮನೆಯ ಕಂಪ್ಯೂಟರ್ ಅದನ್ನು ಓದದಿದ್ದರೆ, ಅಂತರಜಾಲ ಸೇವೆಗಳ ಮಟ್ಟಿಗೆ ಅದು ಬರೀ ಪ್ಲಾಸ್ಟಿಕ್ ತುಂಡು. ಇಂತಹ ಕಾರ್ಡನ್ನೇ ಆಡಳಿತದ ಬೆನ್ನೆಲುಬಾಗಿಸಿಕೊಂಡ ಎಸ್ಟೋನಿಯಾದ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ.

ಸುಮಾರು 13 ಲಕ್ಷ ಜನಸಂಖ್ಯೆಯ ಈ ಬಾಲ್ಟಿಕ್ ರಾಷ್ಟ್ರ 2002ರಲ್ಲಿ ಚಿಪ್ ಸಹಿತ ಗುರುತಿನ ಚೀಟಿ ವಿತರಣೆ ಆರಂಭಿಸಿತು. 2005ರ ಸ್ಥಳೀಯ ಚುನಾವಣೆಯಲ್ಲಿ ಅದನ್ನು ಬಳಸಿ ಅಂತರಜಾಲದ ಮೂಲಕ ಮತ ಚಲಾಯಿಸಲು ಅವಕಾಶ ಕಲ್ಪಿಸಲಾಯಿತು. ತೆರಿಗೆ ವಿವರ ಸಲ್ಲಿಕೆ, ಬ್ಯಾಂಕ್ ವ್ಯವಹಾರ, ಒಪ್ಪಂದಗಳಿಗೆ ಸಹಿ ಎಲ್ಲಕ್ಕೂ ಅದೇ ಚೀಟಿ ಸಾಧನವಾಯಿತು.

ಸಹಿ ಮಾಡುವ ರಹಸ್ಯ ಕೀಲಿ ಚಿಪ್‌ನಿಂದ ಹೊರಬರುವುದಿಲ್ಲ. ಬ್ರೌಸರ್‌ನ ಕೋರಿಕೆಯನ್ನು ಚಿಪ್‌ಗೆ ಅರ್ಥವಾಗುವ ಆದೇಶವಾಗಿ ಪರಿವರ್ತಿಸುವುದು ಡ್ರೈವರ್ ಎಂಬ ಮಧ್ಯವರ್ತಿ ತಂತ್ರಾಂಶ. ಸಮಸ್ಯೆಯ ಮೂಲ ಇರುವುದೂ ಇಲ್ಲಿಯೇ. ಕಾರ್ಡ್ ಸರ್ಕಾರದ್ದು, ಕಾರ್ಯಾಚರಣೆ ವ್ಯವಸ್ಥೆ ಮೈಕ್ರೋಸಾಫ್ಟ್ ಅಥವಾ ಆಪಲ್‌ನದ್ದು, ಬ್ರೌಸರ್ ಮತ್ತೊಂದು ಕಂಪನಿಯದ್ದು. ಕಾರ್ಡ್ ಹಲವು ವರ್ಷ ಚಾಲ್ತಿಯಲ್ಲಿದ್ದರೆ, ಬ್ರೌಸರ್ ಕೆಲವೇ ವಾರಗಳಿಗೊಮ್ಮೆ ಬದಲಾಗುತ್ತದೆ.

2015ರ ಸೆಪ್ಟೆಂಬರ್‌ನಲ್ಲಿ ಗೂಗಲ್, ಭದ್ರತೆಯ ಕಾರಣ ನೀಡಿ ಕ್ರೋಮ್ ಬ್ರೌಸರ್‌ನಿಂದ ಹಳೆಯ ಪ್ಲಗಿನ್ ವ್ಯವಸ್ಥೆಯನ್ನು ಸಂಪೂರ್ಣವಾಗಿ ಕೈಬಿಟ್ಟಿತು. ಅದನ್ನೇ ನೆಚ್ಚಿಕೊಂಡಿದ್ದ ಸಹಿ ತಂತ್ರಾಂಶಕ್ಕೆ ಎಸ್ಟೋನಿಯಾ ಬೇರೊಂದು ದಾರಿ ರೂಪಿಸಬೇಕಾಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಎದುರಾದದ್ದು 2017ರಲ್ಲಿ. ಚಿಪ್‌ಗಳಲ್ಲಿ ಕೀಲಿ ಸೃಷ್ಟಿಸುವ ವಿಧಾನದಲ್ಲೇ ದೋಷವಿರುವುದನ್ನು ಜೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡ ಪತ್ತೆ ಹಚ್ಚಿತು. ಎಸ್ಟೋನಿಯಾದ ಸುಮಾರು 7.5 ಲಕ್ಷ ಕಾರ್ಡ್‌ಗಳು ಅಪಾಯಕ್ಕೆ ಸಿಲುಕಿದವು. ಸೆಪ್ಟೆಂಬರ್‌ನಲ್ಲಿ ವಿಷಯವನ್ನು ಬಹಿರಂಗಪಡಿಸಿದ ಸರ್ಕಾರ, ನವೆಂಬರ್ 3ರ ಮಧ್ಯರಾತ್ರಿ ದೋಷಪೂರಿತ ಪ್ರಮಾಣಪತ್ರಗಳನ್ನು ಅಮಾನತುಗೊಳಿಸಿತು. ಹೊಸ ಬಗೆಯ ಕೀಲಿಗೆ ಬದಲಾಗಲು ನಾಗರಿಕರಿಗೆ ಮನೆಯಿಂದಲೇ ಅವಕಾಶವಿತ್ತು. ಆದರೆ ಅದಕ್ಕೂ ಮೊದಲು ಕಂಪ್ಯೂಟರ್‌ನಲ್ಲಿ ತಂತ್ರಾಂಶದ ಹೊಸ ಆವೃತ್ತಿ ಇರಬೇಕಿತ್ತು. ಮೊಬೈಲ್ ಸಿಮ್ ಆಧಾರಿತ ಪರ್ಯಾಯ ಗುರುತು ಮೊದಲೇ ಬಳಕೆಯಲ್ಲಿದ್ದುದು ಒತ್ತಡವನ್ನು ತಗ್ಗಿಸಿತು.

ಆಧಾರ್‌ನಲ್ಲಿ ಚಿಪ್ ಇಲ್ಲದ ಕಾರಣ ಭಾರತದ ಸಾಮಾನ್ಯ ನಾಗರಿಕರಿಗೆ ಈ ಸಮಸ್ಯೆ ತಟ್ಟಿಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿ ಮಾನ್ಯತೆ ಪಡೆದ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಕೂಡ ಸ್ಮಾರ್ಟ್ ಕಾರ್ಡ್‌ನ ಇನ್ನೊಂದು ರೂಪವೇ. ಕರ್ನಾಟಕದ ಗುತ್ತಿಗೆದಾರರು, ಲೆಕ್ಕಪರಿಶೋಧಕರು ಮತ್ತು ಕಂಪನಿ ನಿರ್ದೇಶಕರು ಇದನ್ನು ಬಳಸುತ್ತಾರೆ. ತಯಾರಕರು ಬದಲಾದರೆ ಡ್ರೈವರ್ ಕೂಡ ಬದಲಾಗುತ್ತದೆ. ಟೆಂಡರ್ ಸಲ್ಲಿಕೆಯ ಕೊನೆಯ ಗಂಟೆಯಲ್ಲಿ ಟೋಕನ್ ಮೌನವಾದರೆ ಅರ್ಹ ಗುತ್ತಿಗೆದಾರನೂ ಸ್ಪರ್ಧೆಯಿಂದ ಹೊರಗುಳಿಯಬೇಕಾಗುತ್ತದೆ.

ಪರಿಹಾರದ ದಾರಿ ಭಾರತಕ್ಕೆ ಹೊಸದೇನಲ್ಲ. ಚಾಲನಾ ಪರವಾನಗಿ ಕಾರ್ಡ್‌ಗಳು ಒಂದೇ ಕಂಪನಿಯ ಹಿಡಿತಕ್ಕೆ ಸಿಲುಕದಿರಲೆಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಮತ್ತು ಐಐಟಿ ಕಾನ್ಪುರ ಸೇರಿ ‘ಸ್ಕಾಸ್ಟಾ’ ಎಂಬ ಮುಕ್ತ ಮಾನದಂಡ ರೂಪಿಸಿದ್ದವು. ಅದೇ ತತ್ವ ಡ್ರೈವರ್‌ಗೂ ಅನ್ವಯವಾಗಬೇಕು. ಎಸ್ಟೋನಿಯಾ ತನ್ನ ಸಹಿ ತಂತ್ರಾಂಶದ ಮೂಲಸಂಕೇತವನ್ನು ಮುಕ್ತವಾಗಿಟ್ಟು, ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರಕ್ಕೂ ಒದಗಿಸುತ್ತಿದೆ. ಕಾರ್ಡ್ ಖರೀದಿಯ ಕರಾರಿನಲ್ಲಿಯೇ ಅದರ ಆಯುಷ್ಯ ಮುಗಿಯುವವರೆಗಿನ ತಂತ್ರಾಂಶ ನಿರ್ವಹಣೆಯ ವೆಚ್ಚ ಸೇರದಿದ್ದರೆ, ಅದರ ಹೊರೆ ಕೊನೆಗೆ ಬಳಕೆದಾರನ ಹೆಗಲಿಗೇ ಬೀಳುತ್ತದೆ.