ಒಡೆಯ ಬದಲಾದರೆ ಕಾವಲು ಬಿಗಿಯಾದೀತೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಹರಿಹರ ತಾಲ್ಲೂಕಿನ ನಮ್ಮ ಕೊಕ್ಕನೂರಿನಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಗಾಲ್ವಾನ್ ಕಣಿವೆಯಲ್ಲಿ 20 ಯೋಧರು ಹುತಾತ್ಮರಾಗಿ ಎರಡು ವಾರವಷ್ಟೇ ಕಳೆದಿತ್ತು. ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳ ಬದುವಿನಲ್ಲಿ ನಿಂತು ಸಿನಿಮಾ ಹಾಡಿಗೆ ತುಟಿಯಾಡಿಸುತ್ತಿದ್ದ ಹುಡುಗರು ಕೆಲವು ದಿನ ಗೊಣಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ 'ರೀಲ್ಸ್' ಆರಂಭಿಸಿದೊಡನೆ ಅತ್ತ ಹೊರಳಿದರು. ಗದ್ದೆ ಅದೇ, ಹಾಡು ಅದೇ, ಕೈಯಲ್ಲಿನ ಮೊಬೈಲೂ ಅದೇ. (ಅನೇಕರ ಮೊಬೈಲು ಚೀನೀ ಕಂಪನಿಯದೇ ಆಗಿತ್ತು ಎಂಬುದು ಬೇರೆ ಮಾತು.) ಬದಲಾದದ್ದು ಒಡೆಯ ಮಾತ್ರ. ಬೀಜಿಂಗಿನ ಬೈಟ್‌ಡ್ಯಾನ್ಸ್ ಹೋಗಿ ಕ್ಯಾಲಿಫೋರ್ನಿಯಾದ ಫೇಸ್‌ಬುಕ್ ಬಂದಿತ್ತು.

ನಿಷೇಧ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಚೀನಾ 2017ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಗುಪ್ತಚರ ಕಾನೂನಿನ 7ನೇ ವಿಧಿಯು ಅಲ್ಲಿನ ಸಂಸ್ಥೆಗಳೂ ನಾಗರಿಕರೂ ಸರ್ಕಾರದ ಗುಪ್ತಚರ ಕಾರ್ಯಕ್ಕೆ ನೆರವಾಗಬೇಕೆಂದು ಕಟ್ಟುಪಾಡು ವಿಧಿಸುತ್ತದೆ. ಅಂಥ ನೆಲದ ಕಂಪನಿಯೊಂದರ ಕೈಯಲ್ಲಿ 20 ಕೋಟಿಯಷ್ಟು ಭಾರತೀಯರ ಮುಖ, ಧ್ವನಿ, ಸ್ಥಳ, ಸಂಪರ್ಕಗಳ ವಿವರ ಇರುವುದು ಯಾವ ಸರ್ಕಾರಕ್ಕಾದರೂ ಕಳವಳದ ಸಂಗತಿಯೇ. ನನ್ನ ತಕರಾರು ಆನಂತರದ್ದು. 'ಮಾಲೀಕ ಯಾರು?' ಎಂದು ಕೇಳಿ, ಸಮಾಧಾನಕರ ಉತ್ತರ ಸಿಕ್ಕೊಡನೆ ನಾವು ನಿದ್ರೆಗೆ ಜಾರಿದೆವು. ಮಾಲೀಕ ಯಾರೇ ಇರಲಿ, ಅವನು ನಮ್ಮ ವಿವರಗಳನ್ನು ಏನು ಮಾಡುತ್ತಾನೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಇದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಬೆಂಗಳೂರಿನಲ್ಲಿ 2020ರಲ್ಲಿ ಆರಂಭಿಸಿದ 'ಕೂ' ಮೊದಲು ಮಾತನಾಡಿದ್ದು ಕನ್ನಡದಲ್ಲಿ. ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದು ಪ್ರಶಸ್ತಿ ಗಳಿಸಿತು. 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಖಾತೆಗಳ ವಿಷಯದಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಕೇಂದ್ರ ಸಚಿವರೇ 'ಕೂ' ಗೂಡಿಗೆ ಹಾರಿದರು. ಆಗ ಬೆಳಕಿಗೆ ಬಂದದ್ದು ಅದರ ಮಾತೃ ಕಂಪನಿಯಲ್ಲಿ ಚೀನಾದ ಶುನ್‌ವೇ ಕ್ಯಾಪಿಟಲ್ ಹೊಂದಿದ್ದ ಸುಮಾರು ಶೇ 9ರಷ್ಟು ಪಾಲು. ಗದ್ದಲವೆದ್ದಿತು. ಮಾರ್ಚ್ ವೇಳೆಗೆ ಆ ಪಾಲನ್ನು ನಮ್ಮ ಜಾವಗಲ್ ಶ್ರೀನಾಥ್ ಸೇರಿದಂತೆ ಹಲವು ಭಾರತೀಯರು ಕೊಂಡುಕೊಂಡರು, ದೇಶ ನಿಟ್ಟುಸಿರಿಟ್ಟಿತು. ಮೇ ತಿಂಗಳಲ್ಲಿ ಅಮೆರಿಕದ ಟೈಗರ್ ಗ್ಲೋಬಲ್ ನೇತೃತ್ವದಲ್ಲಿ 3 ಕೋಟಿ ಡಾಲರ್ ಹರಿದುಬಂದಾಗ ಯಾರೂ ಹುಬ್ಬೇರಿಸಲಿಲ್ಲ. ಅದೇ ಫೆಬ್ರುವರಿಯಲ್ಲಿ ಫ್ರಾನ್ಸಿನ ಭದ್ರತಾ ಸಂಶೋಧಕರೊಬ್ಬರು, ಬಳಕೆದಾರರ ಇ-ಮೇಲ್, ಜನ್ಮದಿನಾಂಕಗಳು 'ಕೂ'ನಿಂದ ಸೋರುತ್ತಿವೆ ಎಂದಿದ್ದರು. ಕಂಪನಿ ಅದನ್ನು ಅಲ್ಲಗಳೆಯಿತು. ಯಾವ ಪ್ರಾಧಿಕಾರವಾದರೂ ಅದನ್ನು ವಿಚಾರಿಸಿ ನಿಜಾಂಶ ಹೇಳಬೇಕಿತ್ತು. ಅಂಥ ಪ್ರಾಧಿಕಾರ ಆಗ ದೇಶದಲ್ಲಿರಲಿಲ್ಲ. ಬಂಡವಾಳ ಬತ್ತಿದ 'ಕೂ' 2024ರ ಜುಲೈನಲ್ಲಿ ಬಾಗಿಲು ಹಾಕಿತು.

ಕಾಗದದ ಮೇಲಿನ ಒಡೆತನವನ್ನು ನಂಬುವುದು ಎಷ್ಟು ಅಪಾಯಕಾರಿ ಎಂಬುದನ್ನು ಸಾಲದ ಆ್ಯಪ್‌ಗಳ ಪ್ರಕರಣ ತೋರಿಸಿತು. ಬೆಂಗಳೂರಿನ ಸೈಬರ್ ಅಪರಾಧ ಠಾಣೆಯ 18 ಎಫ್‌ಐಆರ್‌ಗಳನ್ನು ಆಧರಿಸಿ ಜಾರಿ ನಿರ್ದೇಶನಾಲಯವು 2022ರ ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಶೋಧ ನಡೆಸಿತು. ಭಾರತೀಯರ ನಕಲಿ ದಾಖಲೆಗಳಿಂದ ಅವರನ್ನು ಹೆಸರಿಗಷ್ಟೇ ನಿರ್ದೇಶಕರನ್ನಾಗಿಸಿ, ಹಿಂದೆ ನಿಂತು ನಡೆಸುತ್ತಿದ್ದವರು ಚೀನೀಯರು ಎಂದು ಅದು ಹೇಳಿತು. ಪಡೆದ ಐದಾರು ಸಾವಿರಕ್ಕಾಗಿ ಫೋನಿನಲ್ಲಿದ್ದ ಬಂಧುಗಳ ಸಂಖ್ಯೆಗಳನ್ನೂ ಚಿತ್ರಗಳನ್ನೂ ಒಪ್ಪಿಸಿ, ಬಳಿಕ ಮಾನಕ್ಕಂಜಿ ತೆತ್ತವರು ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಅವರು ಕಂಪನಿಯ ಷೇರುಪಟ್ಟಿ ನೋಡಿದ್ದರೂ ಅಲ್ಲಿ ಕಾಣುತ್ತಿದ್ದುದು ಭಾರತೀಯ ಹೆಸರುಗಳೇ.

ಇನ್ನು ಮಿತ್ರರಾಷ್ಟ್ರಗಳ ಕಂಪನಿಗಳು. ಕೇಂಬ್ರಿಜ್ ಅನಲಿಟಿಕಾ ಹಗರಣದಲ್ಲಿ 5.62 ಲಕ್ಷ ಭಾರತೀಯರ ವಿವರ ಸೋರಿರಬಹುದೆಂದು 2018ರಲ್ಲಿ ಒಪ್ಪಿಕೊಂಡದ್ದು ಫೇಸ್‌ಬುಕ್, ಟಿಕ್‌ಟಾಕ್ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ 4,400 ಕೋಟಿ ಡಾಲರ್‌ಗೆ ಇಲಾನ್ ಮಸ್ಕ್ ಅವರ ಪಾಲಾಯಿತು. 2025ರ ಮಾರ್ಚ್‌ನಲ್ಲಿ ಅವರದೇ ಕೃತಕ ಬುದ್ಧಿಮತ್ತೆ ಕಂಪನಿಯೊಳಗೆ ಲೀನವಾಯಿತು. ಕನ್ನಡದಲ್ಲಿ ಬರೆದ ನಮ್ಮ ಜಗಳ, ಜೋಕು, ಶೋಕಗಳೆಲ್ಲ ಎರಡೆರಡು ಬಾರಿ ಕೈ ಬದಲಿಸಿದವು. ನಮ್ಮನ್ನು ಯಾರೂ ಕೇಳಲಿಲ್ಲ.

ಒಡೆತನವನ್ನೇ ಬದಲಿಸುವ ಮಾರ್ಗವನ್ನು ಅಮೆರಿಕ ಹಿಡಿಯಿತು. 2024ರ ಏಪ್ರಿಲ್‌ನ ಕಾನೂನು, 2025ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ಮತ್ತೆ ಮತ್ತೆ ಗಡುವಿನ ವಿಸ್ತರಣೆ ಎಲ್ಲ ಮುಗಿದು, 2026ರ ಜನವರಿಯಲ್ಲಿ ಅಲ್ಲಿನ ಟಿಕ್‌ಟಾಕ್ ಹೊಸ ಜಂಟಿ ಕಂಪನಿಗೆ ಸೇರಿತು. ಒರಾಕಲ್, ಸಿಲ್ವರ್ ಲೇಕ್ ಮತ್ತು ಅಬುಧಾಬಿಯ ಎಂಜಿಎಕ್ಸ್‌ಗೆ ತಲಾ ಶೇ 15, ಬೈಟ್‌ಡ್ಯಾನ್ಸ್‌ಗೆ ಶೇ 19.9. ಯಾವ ವಿಡಿಯೊ ಯಾರ ಕಣ್ಣಿಗೆ ಬೀಳಬೇಕೆಂದು ನಿರ್ಧರಿಸುವ ಸೂತ್ರ ಮಾತ್ರ ಬೈಟ್‌ಡ್ಯಾನ್ಸ್‌ನಿಂದಲೇ ಪರವಾನಗಿಯ ಮೇಲೆ ಪಡೆದದ್ದು. ನಮ್ಮಲ್ಲೂ, 59ರ ಪಟ್ಟಿಯಲ್ಲಿದ್ದ ಉಡುಪಿನ ಆ್ಯಪ್ 'ಶೀನ್' 2025ರಲ್ಲಿ ರಿಲಯನ್ಸ್ ಮೂಲಕ ಮರಳಿತು. ದತ್ತಾಂಶ ಭಾರತದಲ್ಲೇ ಇರಬೇಕೆಂಬ ಷರತ್ತು ಅಲ್ಲಿದೆ, ಅದು ಸ್ವಾಗತಾರ್ಹ. ಆದರೆ ಆ ಷರತ್ತು ಎಲ್ಲರಿಗೂ ಅನ್ವಯಿಸುವ ಕಾನೂನಲ್ಲ, ಒಬ್ಬರೊಂದಿಗಿನ ಏರ್ಪಾಡು.

ಹರಿಹರದವರಿಗೆ ಒಡೆತನದ ಪ್ರಶ್ನೆ ಹೊಸದೇನಲ್ಲ. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ ಇಡೀ ಪೇಟೆಯೇ ಅದರ ಬಿಸಿ ಉಂಡಿತು. ಆದರೂ ಅಲ್ಲಿ ಗೇಟು ಎಂಬುದೊಂದಿತ್ತು. ಅದರ ಮುಂದೆ ಕೂತು ಧಿಕ್ಕಾರ ಕೂಗಬಹುದಿತ್ತು. ಆ್ಯಪ್‌ಗೆ ಗೇಟಿಲ್ಲ. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರುಳ್ಳ ಜಾಲತಾಣಗಳು ಭಾರತದಲ್ಲಿ ವಾಸಿಸುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು 2021ರ ನಿಯಮ ಹೇಳುತ್ತದೆ. ಕೊಕ್ಕನೂರಿನಲ್ಲಿ ಅದನ್ನು ಬಲ್ಲವರನ್ನು ನಾನಿನ್ನೂ ಕಂಡಿಲ್ಲ.

ನ್ಯಾಯಾಲಯದ ಮೆಟ್ಟಿಲೂ ಬಳಕೆದಾರನಿಗೆ ದೂರವೇ. ಐಟಿ ಕಾಯ್ದೆಯ 69ಎ ಸೆಕ್ಷನ್ ಅನ್ವಯದ ತಡೆ ಆದೇಶಗಳು 2009ರ ನಿಯಮಗಳಂತೆ ಗೋಪ್ಯ. ಏಕೆ ತಡೆಯಲಾಯಿತೆಂಬುದು ಹೊರಬರುವುದಿಲ್ಲ. ಅಂಥ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. 'ಸಹಯೋಗ್' ಪೋರ್ಟಲ್ ವಿರುದ್ಧದ ಎಕ್ಸ್ ಅರ್ಜಿ 2025ರ ಸೆಪ್ಟೆಂಬರ್ 24ರಂದು ತಿರಸ್ಕೃತವಾಯಿತು. ಸಂವಿಧಾನದ 19ನೇ ವಿಧಿ ಇರುವುದು ನಾಗರಿಕರಿಗೆ, ವಿದೇಶಿ ಕಂಪನಿಗಲ್ಲ ಎಂಬುದು ಅಲ್ಲಿನ ತರ್ಕ. ತರ್ಕ ಸರಿಯೆಂದೇ ಇಟ್ಟುಕೊಳ್ಳೋಣ. ವಿದೇಶಿ ಒಡೆಯ ಕೇಳುವಂತಿಲ್ಲ. ಕೇಳಬಹುದಾದ ನಾಗರಿಕನಿಗೆ ಕಾರಣ ಗೊತ್ತಾಗುವುದಿಲ್ಲ. ಹಾಗಾದರೆ ಕೇಳುವವರಾರು?

ಇಷ್ಟಾದ ಮೇಲೆ 2023ರ ಆಗಸ್ಟ್‌ನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂತು. ಯಾವ ದೇಶಕ್ಕೆ ದತ್ತಾಂಶ ಹೋಗಬಾರದೆಂದು ನಿರ್ಬಂಧಿಸುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಡುತ್ತದೆ; ಒಪ್ಪಿಗೆಯಿಲ್ಲದ ಬಳಕೆಗೆ, ಸೋರಿಕೆಗೆ ದಂಡವನ್ನೂ ವಿಧಿಸುತ್ತದೆ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನೂ ಸರ್ಕಾರ ಇಟ್ಟುಕೊಂಡಿದೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಮುಂದೆ 18 ತಿಂಗಳ ಕಾಲಾವಕಾಶ. 59 ಆ್ಯಪ್‌ಗಳನ್ನು ಮುಚ್ಚಲು ಒಂದು ಸಂಜೆ ಸಾಕಾಗಿತ್ತು.