ಉತಾರದ ಅಂಕಿ ತಪ್ಪಿದರೆ

ಗಡಹಿಂಗ್ಲಜ ತಾಲ್ಲೂಕಿನ ನೂಲದಂತಹ ಊರಿನಲ್ಲಿ ಬೆಳೆಸಾಲಕ್ಕೂ ಖರೀದಿಗೂ ವಾಟಣಿಗೂ ಸಾತ್‌ಬಾರಾ ಉತಾರವೇ ಆಧಾರ. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966ರ 157ನೆಯ ಕಲಮಿನಂತೆ ಹಕ್ಕುದಾಖಲೆಯ ನಮೂದು, ವಿರುದ್ಧವಾದುದು ಸಿದ್ಧವಾಗುವವರೆಗೆ, ಸತ್ಯವೆಂದೇ ಗ್ರಾಹ್ಯ. ಆದುದರಿಂದ ಕೈಬರಹದ ಪುಸ್ತಕ ಗಣಕಯಂತ್ರಕ್ಕೆ ಏರುವಾಗ ತಪ್ಪಿದ ಅಂಕಿಯ ಹೊರೆ ರೈತನ ಹೆಗಲಿಗೇ ಬೀಳುತ್ತದೆ.

ಇಂತಹ ತಪ್ಪನ್ನು ಯಂತ್ರವೇ ಹಿಡಿಯಲಾರದೇ? ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ದತ್ತಾಂಶ ವ್ಯವಸ್ಥೆಯನ್ನು ನೋಡೋಣ. ಕ್ಷೇತ್ರಫಲದ ಅಂಕಣದಲ್ಲಿ ಅಂಕಿಗೆ ಬದಲು ಅಕ್ಷರವಿದ್ದರೆ ಅದರ ‘ಕಾಪಿ’ ಆಜ್ಞೆ ಸಾಮಾನ್ಯವಾಗಿ ಇಡೀ ಕಡತವನ್ನೇ ತಿರಸ್ಕರಿಸುತ್ತದೆ. 2024ರಲ್ಲಿ ಬಂದ 17ನೆಯ ಆವೃತ್ತಿಯಲ್ಲಿ ಅಂತಹ ಸಾಲನ್ನು ಮಾತ್ರ ಬಿಟ್ಟು ಮುಂದುವರಿಯುವ ಸೌಕರ್ಯವಿದೆ. ಬಿಟ್ಟುಹೋದ ಸಾಲು ಒಬ್ಬನ ಹೊಲವಾಗಿರಬಹುದೆಂಬುದನ್ನು ಮರೆಯಬಾರದು. ಆದರೆ 0.40 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆ, 0.04 ಎಂದು ಬಿದ್ದರೆ ಯಂತ್ರಕ್ಕೆ ಎರಡೂ ಅಂಕಿಗಳೇ. ಎಕರೆ ನಾಲ್ಕು ಗುಂಟೆಯಾದುದು ಅದಕ್ಕೆ ತಿಳಿಯದು. ಗಟ್ಟಿನ ಒಟ್ಟು ಕ್ಷೇತ್ರವನ್ನೂ ಖಾತೆದಾರರ ಪಾಲುಗಳ ಮೊತ್ತವನ್ನೂ ತಾಳೆ ನೋಡಿದಾಗಲೇ ತಪ್ಪು ಸಿಕ್ಕೀತು.

ಎರಡನೆಯ ಪ್ರಶ್ನೆ, ತಿದ್ದಿದವರು ಯಾರು? ಯಾರಿಗೆ ಓದುವ, ಯಾರಿಗೆ ಬದಲಿಸುವ ಅಧಿಕಾರವೆಂಬುದನ್ನು ಈ ವ್ಯವಸ್ಥೆ ಕಟ್ಟುನಿಟ್ಟಾಗಿ ಕಾಯುತ್ತದೆ. ಆದರೆ ಯಾರು ಯಾವಾಗ ಏನನ್ನು ಬದಲಿಸಿದರೆಂಬ ಇತಿಹಾಸವನ್ನು ತಾನಾಗಿ ಇಡುವುದಿಲ್ಲ. ಅದಕ್ಕೆ ಪ್ರತ್ಯೇಕ ದಾಖಲಾತಿಯನ್ನು ಏರ್ಪಡಿಸಬೇಕು. ಕಚೇರಿಯವರೆಲ್ಲ ಒಂದೇ ಗುಪ್ತಪದ ಬಳಸಿದರೆ ಆ ದಾಖಲಾತಿಯೂ ವ್ಯರ್ಥ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಅಧಿಕಾರಿಯ ಬೆರಳಚ್ಚನ್ನೇ ಪ್ರವೇಶದ ಕೀಲಿಯಾಗಿಸಿದುದು ಈ ಕಾರಣದಿಂದಲೇ.

ಕಾಗದದ ಕಾಲದಲ್ಲಿಯೂ ಇಂತಹ ಕಾವಲು ಇತ್ತು. ಅದರ ಹೆಸರು ಫೇರ್‌ಫಾರ್. 150ನೆಯ ಕಲಮಿನಂತೆ ಹಕ್ಕಿನ ಬದಲಾವಣೆ ಮೊದಲು ಫೇರ್‌ಫಾರ್ ಪುಸ್ತಕಕ್ಕೆ ಬರಬೇಕು, ಹಿತಸಂಬಂಧಿಗಳಿಗೆ ನೋಟೀಸು ಹೋಗಬೇಕು, ಬಳಿಕ ಅಧಿಕಾರಿ ಪ್ರಮಾಣೀಕರಿಸಬೇಕು. ಆದ್ದರಿಂದ ಉತಾರದಲ್ಲಿ ಕ್ಷೇತ್ರವೋ ಹೆಸರೋ ಬದಲಾಗಿ ಕಂಡರೆ ಮೊದಲು ಹುಡುಕಬೇಕಾದುದು ಫೇರ್‌ಫಾರ್ ಸಂಖ್ಯೆಯನ್ನು. ಸಂಖ್ಯೆಯೇ ಇಲ್ಲದೆ, ಹಳೆಯ ಕೈಬರಹದ ಉತಾರದಲ್ಲಿ ಸರಿಯಾದ ಅಂಕಿ ಇದ್ದರೆ, ಅದು ಬರಹದ ದೋಷವೆಂದು 155ನೆಯ ಕಲಮಿನಡಿ ತಿದ್ದುಪಡಿಗೆ ತಹಶೀಲ್ದಾರರಲ್ಲಿ ಅರ್ಜಿ ಸಲ್ಲಬೇಕು. ಹಳೆಯ ಉತಾರದ ದೃಢೀಕೃತ ನಕಲು ಜೊತೆಗಿರಲಿ. ಸಂಖ್ಯೆಯಿದ್ದು ಪ್ರಮಾಣೀಕರಣವೇ ತಪ್ಪೆನಿಸಿದರೆ ದಾರಿ ಬೇರೆ: 247ನೆಯ ಕಲಮಿನ ಮೇಲ್ಮನವಿ, ಸಾಮಾನ್ಯವಾಗಿ 60 ದಿನಗಳೊಳಗೆ. ಒಡೆತನದ ವಾದವನ್ನು 155ರ ಅರ್ಜಿಯಿಂದ ತೀರಿಸಲಾಗದು. ಅದು ದಿವಾಣಿ ನ್ಯಾಯಾಲಯದ ವಿಷಯ.

ಹಳೆಯ ಉತಾರವನ್ನು ರದ್ದಿಯೆಂದು ಎಸೆಯುವವರು ಮನೆಯಲ್ಲಿದ್ದ ಸಾಕ್ಷಿಯನ್ನೇ ಎಸೆದಂತೆ. ಬೆಳೆಸಾಲದ ಹಂಗಾಮಿಗೆ ಮೊದಲೇ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕಕ್ಕಿಟ್ಟು ಓದುವುದು ಲೇಸು.