ನನ್ನ ಸೋಫಾ, ಅಪ್ಪನ ಕುರ್ಚಿ

ಕಳೆದ ದೀಪಾವಳಿಗೆ ಕೈಗೆ ಬೋನಸ್ ಬಂತು. ನಾನು ಮಾಡಿದ ಮೊದಲ ಕೆಲಸ ಅಂದ್ರೆ ಚೌಳಹಿರಿಯೂರಿನ ನಮ್ಮ ಮನೆಗೆ ಒಂದು 5.1 ಹೋಮ್ ಥಿಯೇಟರ್ ತಂದು ಕೂರಿಸಿದ್ದು. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಆ 'ಪಾಯಿಂಟ್ ಒಂದು' ಅನ್ನೋ ಲೆಕ್ಕಕ್ಕೆ ಹತ್ತು ಇಂಚಿನ ಸಬ್ ವೂಫರ್, ಎಲ್ಲವನ್ನೂ ನಡೆಸೋಕೆ ಒಂದು ರಿಸೀವರ್. "ಅಪ್ಪನಿಗೆ ಮಂಡಿ ನೋವು, ಥಿಯೇಟರಿಗೆ ಹೋಗೋಕೆ ಆಗಲ್ಲ. ಥಿಯೇಟರೇ ಮನೆಗೆ ಬರಲಿ ಅಂತ ತಂದೆ" ಅಂತ ಬಂದವರಿಗೆಲ್ಲ ಹೇಳಿದೆ. ನಿಜ ಹೇಳ್ಬೇಕಂದ್ರೆ ಆಸೆ ನನ್ನದೇ. ತಿಂಗಳಲ್ಲಿ ಮೂರು ವಾರ ಊರಿಂದಲೇ ಕೆಲಸ ಮಾಡೋನಿಗೆ ಸಂಜೆ ಹೊತ್ತಿಗೆ ಏನಾದ್ರೂ ಬೇಕಲ್ಲ.

ಮೊದಲ ದಿನ ದೊಡ್ಡ ಸದ್ದಿನ ಆಕ್ಷನ್ ಸಿನಿಮಾ ಹಾಕಿದೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಡಗಡ ಅಂದವು. ನನಗೆ ಖುಷಿಯೋ ಖುಷಿ. ಹಿಂದಿನ ಗೋಡೆಗೆ ಒರಗಿಸಿದ್ದ ತಮ್ಮ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಅರ್ಧ ಗಂಟೆ ನೋಡಿದ್ರು. ಆಮೇಲೆ, "ಮಾತೇ ಕೇಳ್ಸಲ್ಲಪ್ಪ. ಬರೀ ಗುಡುಗು" ಅಂದ್ರು. ತೋಟದ ಮೋಟರ್ ಹಾಕ್ಬೇಕು ಅಂತ ಟಾರ್ಚ್ ಹಿಡಿದು ಎದ್ದು ಹೋದ್ರು.

ಮುಂದಿನ ಸಲವೂ ಅದೇ ಮಾತು, ಅದೇ ಟಾರ್ಚು. ನಾನು ಅಮ್ಮನ ಹತ್ರ, "ವಯಸ್ಸಾಯ್ತಲ್ಲ, ಕಿವಿ ಮಂದ ಆಗಿದೆ ಅಷ್ಟೇ" ಅಂದೆ. ಅಪ್ಪ ಅಲ್ಲೇ ಇದ್ರು. ಅದೂ ಅವರಿಗೆ ಕೇಳಿಸಿರಲಿಕ್ಕಿಲ್ಲ ಅಂದ್ಕೊಂಡೆ.

ಯುಗಾದಿ ದಿನ ಸಿಕ್ಕಿಬಿದ್ದೆ

ಯುಗಾದಿಗೆ ನೆಂಟರು ಬಂದಿದ್ರು. ಸೋಫಾ ತುಂಬ ಮಕ್ಕಳು. ಕೂರೋಕೆ ಜಾಗ ಇಲ್ಲದೆ ಆವತ್ತು ಮೊದಲ ಬಾರಿಗೆ ನಾನು ಅಪ್ಪನ ಕುರ್ಚಿಯಲ್ಲಿ ಕೂತೆ. ಸಿನಿಮಾ ಶುರುವಾಗಿ ಐದು ನಿಮಿಷಕ್ಕೆ ತಲೆ ಧಿಮ್ ಅಂತು. ಯಾವ ಸದ್ದು ಬಂದ್ರೂ 'ಗುಂ' ಅಂತ ಎದ್ದು ಅಲ್ಲೇ ನಿಲ್ತಿತ್ತು. ಅದರ ಕೆಳಗೆ ಪಾತ್ರಗಳ ಮಾತು ಹೂತು ಹೋಗಿತ್ತು. ನನಗೆ ಮೂವತ್ತೊಂದು ವರ್ಷ, ಕಿವಿ ಚೆನ್ನಾಗೇ ಇದೆ. ನನಗೂ ಮಾತು ಕೇಳಿಸ್ತಿರಲಿಲ್ಲ.

ಎದ್ದು ಬಂದು ಸೋಫಾ ಪಕ್ಕ ನಿಂತೆ. ಆ ಗುಂಗು ಮಾಯ! ಒಂದೇ ಹಾಲ್, ಒಂದೇ ಸಿನಿಮಾ, ಏಳು ಅಡಿ ಅಂತರದಲ್ಲಿ ಎರಡು ಬೇರೆ ಬೇರೆ ಶಬ್ದ.

ಇದರ ಲೆಕ್ಕ ಬಹಳ ಸರಳ. ಶಬ್ದ ಸೆಕೆಂಡಿಗೆ ಸುಮಾರು 1125 ಅಡಿ ಓಡುತ್ತೆ. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವಂಥ ಒಂದು ಕಂಪನ ಇರುತ್ತೆ. ಅದು ಬಂದಾಗಲೆಲ್ಲ ಕೋಣೆ ತಾನೇ ಒಂದು ವಾದ್ಯದ ಥರ ಅನುರಣಿಸುತ್ತೆ. ಆ ಕಂಪನ ಯಾವುದು ಅಂತ ತಿಳೀಬೇಕಾ? 563ನ್ನು ಗೋಡೆಯಿಂದ ಗೋಡೆಗೆ ಇರುವ ಅಡಿಯಿಂದ ಭಾಗಿಸಿ. ನಮ್ಮ ಹಾಲ್ 18 ಅಡಿ ಉದ್ದ, 14 ಅಡಿ ಅಗಲ, 10 ಅಡಿ ಎತ್ತರ. ಅಂದ್ರೆ 31, 40, 56 ಹರ್ಟ್ಸ್. ಎಲ್ಲವೂ ಸಬ್ ವೂಫರಿನದೇ ಸಾಮ್ರಾಜ್ಯ. ಉದ್ದ, ಅಗಲ, ಎತ್ತರ ಒಂದೇ ಅಳತೆಯ ಕೋಣೆ ಆದ್ರೆ ಮೂರೂ ಒಂದೇ ಕಡೆ ಸೇರಿ ಇನ್ನೂ ಕಷ್ಟ.

ಈಗ ತಮಾಷೆ ನೋಡಿ. ಈ ಅಲೆಯ ಒತ್ತಡ ಗೋಡೆ ಹತ್ರ ಅತಿ ಹೆಚ್ಚು, ನಟ್ಟನಡುವೆ ಸೊನ್ನೆಗೆ ಹತ್ರ. ಟಿವಿಯಿಂದ ಹಿಂದಿನ ಗೋಡೆಗೆ 14 ಅಡಿ. ನನ್ನ ಸೋಫಾ ಸರಿಯಾಗಿ ಏಳನೇ ಅಡಿಯಲ್ಲಿ. ಅಲ್ಲಿ 40 ಹರ್ಟ್ಸ್ ಕೇಳಿಸೋದೇ ಇಲ್ಲ. 'ಬಾಸ್ ಸಾಕಾಗ್ತಿಲ್ಲ' ಅಂತ ನಾನು ವಾರಕ್ಕೊಂದು ಸಲ ಸಬ್ ವೂಫರಿನ ಗುಂಡಿ ಮೇಲಕ್ಕೆ ತಿರುಗಿಸ್ತಾ ಬಂದೆ. ಅಪ್ಪನ ಕುರ್ಚಿ ಗೋಡೆಗೆ ಅಂಟಿಕೊಂಡಿದೆ. ನನಗೆ ಸಿಗದೇ ಇದ್ದದ್ದೆಲ್ಲ ಅವರ ತಲೆ ಮೇಲೆ ಬೀಳ್ತಿತ್ತು. ನಾನು ಗುಂಡಿ ತಿರುಗಿಸಿದಷ್ಟೂ ಅವರ ಗುಡುಗು ಜಾಸ್ತಿ. ಜೊತೆಗೆ ಸಬ್ ವೂಫರನ್ನು ಇಟ್ಟಿದ್ದು ಮೂಲೆಯಲ್ಲಿ. ಮೂಲೆಗಿಟ್ಟರೆ ಕೋಣೆಯ ಎಲ್ಲ ಅನುರಣನವೂ ಒಟ್ಟಿಗೇ ಎದ್ದೇಳುತ್ತೆ.

ರಿಸೀವರಿನಲ್ಲಿ ರೂಂ ಕರೆಕ್ಷನ್ ಇದೆಯಲ್ಲ, ಅದನ್ನ ಮಾಡ್ಲಿಲ್ವಾ ಅಂತ ಕೇಳಬಹುದು. ಮಾಡಿದ್ದೆ. ಮೈಕ್ ಇಟ್ಟು ಒಂದಾದ ಮೇಲೊಂದು ಸ್ಪೀಕರಿನಿಂದ 'ಊಂಯ್' ಅನ್ನೋ ಪರೀಕ್ಷಾ ಶಬ್ದ ಹೊರಡಿಸಿ, ಕೋಣೆ ಎಲ್ಲಿ ಏರಿಸುತ್ತೆ, ಎಲ್ಲಿ ಇಳಿಸುತ್ತೆ ಅಂತ ಅಳೆದು, ಅದಕ್ಕೆ ತಕ್ಕಂತೆ ತಿದ್ದುವ ವ್ಯವಸ್ಥೆ ಅದು. ಅಮೆರಿಕದ ಆಡಿಸ್ಸಿ, ಸ್ವೀಡನ್ನಿನ ಡಿರಾಕ್, ಯಮಹಾದ ವೈಪಾವೋ, ಹೆಸರು ಬೇರೆ, ತತ್ವ ಒಂದೇ. ನಾನು ಮೈಕ್ ಇಟ್ಟಿದ್ದು ಮೂರೇ ಮೂರು ಜಾಗದಲ್ಲಿ. ಮೂರೂ ನನ್ನ ಸೋಫಾದ ಮೇಲೆ. ಯಂತ್ರ ಪಾಪ ನನ್ನ ಕಿವಿಗೆ ಬೇಕಾದಂತೆ ತಿದ್ದಿಕೊಟ್ಟಿತ್ತು. ಆ ಹಾಲಿನಲ್ಲಿ ಇನ್ನೊಬ್ರು ಕೂರ್ತಾರೆ ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ.

ಅಂಬೆಗಾಲಿಟ್ಟು ಹುಡುಕಾಟ

ಮಾರನೇ ಭಾನುವಾರ ಕೂತು ಸರಿ ಮಾಡಿದೆ. ನಿಮ್ಮನೇಲೂ ಇದೇ ತೊಂದರೆ ಇದ್ರೆ ಈ ಕ್ರಮ ನೋಡಿ, ಒಂದು ಪೈಸೆ ಖರ್ಚಿಲ್ಲ.

ಮೊದಲು ಸಬ್ ವೂಫರನ್ನು ಎತ್ತಿ ಅಪ್ಪನ ಕುರ್ಚಿ ಮೇಲೆ ಕೂರಿಸಿದೆ. ದಪ್ಪ ಬಾಸ್ ಇರುವ ಒಂದು ಹಾಡು ಹಾಕಿ, ಗೋಡೆ ಅಂಚಿನಲ್ಲಿ ಅಂಬೆಗಾಲಿಟ್ಟು ಹಾಲ್ ಪೂರ್ತಿ ಸುತ್ತಿದೆ. ಅಮ್ಮ ಬಾಗಿಲಲ್ಲಿ ನಿಂತು, "ಏನೋ ಕಳ್ಕೊಂಡ್ಯಾ?" ಅಂದ್ರು. ಯಾವ ಜಾಗದಲ್ಲಿ ಬಾಸ್ ಗುಂಗಿಲ್ಲದೆ, ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸುತ್ತೋ ಅಲ್ಲಿ ಸಬ್ ವೂಫರ್ ಇಡಬೇಕು. ಕುರ್ಚಿಯಿಂದ ಆ ಜಾಗಕ್ಕೆ ಹೇಗೆ ಕೇಳಿಸುತ್ತೋ, ಆ ಜಾಗದಿಂದ ಕುರ್ಚಿಗೂ ಹಾಗೇ ಕೇಳಿಸುತ್ತೆ. ನಮಗೆ ಸಿಕ್ಕಿದ್ದು ಬಲಗೋಡೆಯ ಅರ್ಧದಲ್ಲಿ, ಕಿಟಕಿ ಕೆಳಗೆ.

ಎರಡನೇದು, ಅಪ್ಪನ ಕುರ್ಚಿಯನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಎಳೆದೆ. ಸೋಫಾ ಒಂದಡಿ ಹಿಂದೆ ಹೋಯ್ತು. ಯಾವ ದುಬಾರಿ ಯಂತ್ರವೂ ಮಾಡಲಾಗದ ಕೆಲಸ ಈ ಒಂದು ಎಳೆತ ಮಾಡಿತು. ರೂಂ ಕರೆಕ್ಷನ್ ಎದ್ದಿರುವ ಉಬ್ಬನ್ನು ತಗ್ಗಿಸುತ್ತೆ. ಆದ್ರೆ ನಟ್ಟನಡುವಿನ ಆ ಸೊನ್ನೆಯನ್ನು ತುಂಬಿಸೋಕೆ ಅದಕ್ಕೂ ಆಗಲ್ಲ. ಅಲ್ಲಿ ಎಷ್ಟು ಶಬ್ದ ಸುರಿದರೂ ಗೋಡೆಯಿಂದ ಮರಳಿ ಬಂದ ಅಲೆ ಅಷ್ಟನ್ನೂ ಅಳಿಸುತ್ತೆ. ಆಂಪ್ಲಿಫೈಯರ್ ಸುಮ್ನೆ ಬಿಸಿಯಾಗುತ್ತೆ ಅಷ್ಟೇ.

ಮೂರನೇದು ಸೆಂಟರ್ ಸ್ಪೀಕರ್. 5.1ರಲ್ಲಿ ಸಂಭಾಷಣೆ ಬಹುಪಾಲು ಬರೋದು ಅಲ್ಲಿಂದ. ನಾನು ಅದನ್ನ ಅಂದವಾಗಿ ಕಾಣ್ಲಿ ಅಂತ ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಿದ್ದೆ. ಅಂಚಿಗೆ ಎಳೆದು, ಮುಂದೆ ಒಂದು ರಬ್ಬರ್ ತುಂಡು ಕೊಟ್ಟು, ಕೂತವರ ಮುಖಕ್ಕೆ ಓರೆ ಮಾಡಿದೆ.

ಆಮೇಲೆ ಮೈಕನ್ನು ಕಿವಿ ಎತ್ತರಕ್ಕೆ ಮೊಬೈಲ್ ಟ್ರೈಪಾಡಿಗೆ ಸಿಕ್ಕಿಸಿ, ಎಂಟು ಜಾಗದಲ್ಲಿ ಮತ್ತೆ ಅಳೆದೆ. ಮೊದಲ ಜಾಗ ಅಪ್ಪನ ಕುರ್ಚಿ. ದೂರ, ಮಟ್ಟ ಎರಡನ್ನೂ ಬಹಳ ರಿಸೀವರುಗಳು ಮೊದಲ ಜಾಗದಿಂದಲೇ ಲೆಕ್ಕ ಹಾಕೋದು. ಫ್ಯಾನ್ ಆಫ್, ಫ್ರಿಜ್ ಆಫ್, ಅಮ್ಮನ ಮಿಕ್ಸಿಗೂ ಹತ್ತು ನಿಮಿಷ ರಜೆ. ಕೊನೆಗೆ ಸೆಂಟರ್ ಸ್ಪೀಕರನ್ನು 3 ಡೆಸಿಬೆಲ್ ಏರಿಸಿದೆ.

ಗುಡಾರದ ಗುಟ್ಟು

ಆದ್ರೂ ಮಾತು ಸ್ವಲ್ಪ ಕಲಸಿದಂತೆ ಇತ್ತು. ಚಪ್ಪಾಳೆ ತಟ್ಟಿದ್ರೆ 'ಟ್ರ್‌ರ್' ಅಂತ ಬಾಲ. ಟೈಲ್ಸ್ ನೆಲ, ಆರ್‌ಸಿಸಿ ತಾರಸಿ, ಪರದೆಯಿಲ್ಲದ ಗಾಜಿನ ಕಿಟಕಿ, ಯಾವುದೂ ಶಬ್ದ ಹೀರಲ್ಲ.

ಇದು ಹಳೇ ಸಮಸ್ಯೆ. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸ ಕೊಠಡಿಯಲ್ಲಿ ಮೇಷ್ಟ್ರ ಮಾತೇ ಅರ್ಥವಾಗ್ತಿರಲಿಲ್ಲ. ಒಂದು ಶಬ್ದ ಐದಾರು ಸೆಕೆಂಡ್ ಅಲ್ಲೇ ಸುಳಿದಾಡ್ತಿತ್ತು. ವ್ಯಾಲೇಸ್ ಸ್ಯಾಬೈನ್ ಅನ್ನೋ ಯುವ ಉಪನ್ಯಾಸಕರು ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗೋಕೆ ಎಷ್ಟು ಹೊತ್ತು ಬೇಕು ಅಂತ ಅಳೆದ್ರು. ಬೆಳಗಾಗೋದ್ರೊಳಗೆ ದಿಂಬುಗಳನ್ನ ವಾಪಸ್ ಇಡ್ತಿದ್ರು. ಕೋಣೆಯ ಶಬ್ದದ ವಿಜ್ಞಾನ ಶುರುವಾಗಿದ್ದು ಹೀಗೆ, ದಿಂಬು ಹೊತ್ತು.

ನಾನು ಅಟ್ಟದಿಂದ ಎರಡು ಕಂಬಳಿ ಇಳಿಸಿದೆ. ಒಂದು ಟಿವಿ ಮುಂದಿನ ನೆಲಕ್ಕೆ, ಇನ್ನೊಂದು ಹಿಂದಿನ ಗೋಡೆಗೆ. ಕಿಟಕಿಗೆ ದಪ್ಪ ಪರದೆ. ಚಪ್ಪಾಳೆಯ ಬಾಲ ಹೋಯ್ತು. ಕಂಬಳಿಯಿಂದ ಬಾಸ್ ಕಮ್ಮಿಯಾಗುತ್ತೆ ಅಂತ ಮಾತ್ರ ನಂಬಬೇಡಿ. 40 ಹರ್ಟ್ಸಿನ ಅಲೆ 28 ಅಡಿ ಉದ್ದ, ಅದಕ್ಕೆ ಕಂಬಳಿ ಲೆಕ್ಕಕ್ಕೇ ಇಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋರಿದ್ದಾರೆ, ಅದೂ ಬರೀ ಕಸ.

ಕಂಬಳಿಗೆ ಮೊಳೆ ಹೊಡೀತಿದ್ದಾಗ ಅಪ್ಪ ಬಂದು ನಿಂತ್ರು. "ಹುಡುಗ್ರಾಗಿದ್ದಾಗ ಟೂರಿಂಗ್ ಟಾಕೀಸಿಗೆ ಹೋಗ್ತಿದ್ವಿ. ಡೇರೆಯೊಳಗೆ ಹಿಂದೆ ನೆಲದ ಮೇಲೆ ಕೂತ್ರೂ ಒಂದೊಂದು ಮಾತೂ ಸ್ಪಷ್ಟ ಕೇಳ್ತಿತ್ತಪ್ಪ" ಅಂದ್ರು. ಮೊದಲಾಗಿದ್ರೆ ಹಳೇ ಕಾಲದ ಹೊಗಳಿಕೆ ಅಂತ ನಕ್ಕುಬಿಡ್ತಿದ್ದೆ. ಯೋಚಿಸಿದ್ರೆ ಅವರ ಮಾತು ಸರಿ. ಡೇರೆಗೆ ಗೋಡೆಯೇ ಇಲ್ಲ, ತೆಳು ಬಟ್ಟೆ. ದಪ್ಪ ಶಬ್ದ ಅದನ್ನ ದಾಟಿ ಹೊಲಕ್ಕೆ ಹೋಗಿಬಿಡುತ್ತೆ. ಪರದೆ ಹಿಂದಿನ ಹಾರ್ನ್ ಸ್ಪೀಕರಿಗೆ ಮಾತಿನ ಕಂಪನ ಬಿಟ್ರೆ ಬೇರೆ ಬಾಸ್ ಬರ್ತಾನೂ ಇರಲಿಲ್ಲ. 'ಬಂಗಾರದ ಮನುಷ್ಯ' 1972ರ ಸಿನಿಮಾ, ಒಂದೇ ಸ್ಪೀಕರಿಗೆ ಸಾಕಾಗುವ ಶಬ್ದ. ಅದನ್ನು ನಾನು ಐದೂ ಸ್ಪೀಕರಿನಲ್ಲಿ ಹಂಚಿ ಹಾಕಿ ಅಪ್ಪನಿಗೆ ತೋರಿಸ್ತಿದ್ದೆ. ಆವತ್ತು ರಾತ್ರಿ ಸೆಂಟರ್ ಒಂದರಲ್ಲೇ ಹಾಕಿದೆ. ಅಪ್ಪ ಕೊನೆವರೆಗೂ ಕೂತಿದ್ರು. ಟಾರ್ಚು ಮೊಳೆಯಲ್ಲೇ ಇತ್ತು.

ಉಳಿದ ಅರ್ಧ

ಇಲ್ಲಿಗೆ ಮುಗಿಸಿದ್ರೆ ಅಂಕಣ ಸೊಗಸಾಗಿರ್ತಿತ್ತು. ಆದ್ರೆ ಹೊಸ ಸಿನಿಮಾ ಹಾಕಿದಾಗ ಅಪ್ಪ ಅಮ್ಮನ ಕಡೆ ಬಾಗಿ, "ಏನಂದ?" ಅಂತ ಮೆಲ್ಲಗೆ ಕೇಳೋದು ಕಣ್ಣಿಗೆ ಬಿತ್ತು. ಮುಂಚೆ ಗುಡುಗಿನ ಗಲಾಟೆಯಲ್ಲಿ ಅದು ನನಗೆ ಗೊತ್ತೇ ಆಗಿರಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದೆ. ಕಡೂರಿನಲ್ಲಿ ರೈಲು ಹತ್ತಿ, ಅರಸೀಕೆರೆ, ಹಾಸನ ದಾಟಿ. ಪರೀಕ್ಷೆ ಮುಗಿಸಿ ಅವರು ಕೊಟ್ಟ ಗ್ರಾಫ್ ನೋಡಿದೆ. ನನ್ನ ಹಾಲಿನ ಗ್ರಾಫ್ ಎಡಗಡೆ, ದಪ್ಪ ಶಬ್ದದ ಕಡೆ ಎದ್ದಿತ್ತು. ಅಪ್ಪನ ಕಿವಿಯ ಗ್ರಾಫ್ ಬಲಗಡೆ, ಸಣ್ಣ ಶಬ್ದದ ಕಡೆ ಇಳಿದಿತ್ತು. ವಯಸ್ಸಿನ ಜೊತೆ ಕಿವಿ ಮೊದಲು ಕಳ್ಕೊಳ್ಳೋದು ಅದನ್ನೇ. ಸ, ಶ, ತ, ಕದಂಥ ವ್ಯಂಜನಗಳ ಗುರುತು ಇರೋದು ಅಲ್ಲೇ. ಅವು ಹೋದ್ರೆ ಸದ್ದು ಕೇಳಿಸುತ್ತೆ, 'ಸಾಲ' ಅಂದ್ರೋ 'ಕಾಲ' ಅಂದ್ರೋ ತಿಳಿಯಲ್ಲ. ಅದರ ಮೇಲೆ ಗುಂಗಿನ ಬಾಸ್ ಬಿದ್ರೆ ಉಳಿದದ್ದೂ ಮುಚ್ಚಿಹೋಗುತ್ತೆ.

ಅಂದ್ರೆ ಕಿವಿ ಮಂದ ಅಂದ ನನ್ನ ಮಾತೂ ಅರ್ಧ ನಿಜ, ಗುಡುಗು ಅಂದ ಅವರ ಮಾತೂ ನಿಜ. ಆದ್ರೆ ನನ್ನ ಅರ್ಧ ನಿಜವನ್ನ ಹಿಡ್ಕೊಂಡು ನಾನು ಏನೂ ಮಾಡಿರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಎರಡು ವರ್ಷದಿಂದ ನಾನು ಅಪ್ಪನಿಗೆ ಹೇಳೋದನ್ನೆಲ್ಲ ಅಮ್ಮನಿಗೆ ಹೇಳ್ತಿದ್ದೆ. "ಅಪ್ಪನಿಗೆ ಹೇಳಿಬಿಡು" ಅಂತ. ಆಫೀಸಿನ ವಿಷಯ, ಸಾಲದ ವಿಷಯ, ನನ್ನ ಮದುವೆ ಮಾತುಕತೆ ಕೂಡ. ಎರಡೆರಡು ಸಲ ಹೇಳೋ ಸೋಮಾರಿತನ.

ಜೋರಾಗಿ ಕೂಗೋದು ಬೇಡ, ಎದುರಿಗೆ ಕೂತು, ಮುಖ ಕಾಣೋ ಹಾಗೆ ನಿಧಾನವಾಗಿ ಮಾತಾಡಿ ಅಂತ ಅಲ್ಲಿ ಹೇಳಿಕೊಟ್ಟಿದ್ರು. ಕೂಗಿದ್ರೆ ಸ್ವರ ದೊಡ್ಡದಾಗುತ್ತೆ, ವ್ಯಂಜನ ಅಷ್ಟೇನೂ ಆಗಲ್ಲ. ಶ್ರವಣ ಸಾಧನ ಬಂದಿದೆ. ಅಪ್ಪ ಬೆಳಿಗ್ಗೆ ಹಾಕ್ಕೊಳ್ತಾರೆ, ತೋಟಕ್ಕೆ ಹೋಗುವಾಗ ತೆಗೆದಿಡ್ತಾರೆ. "ಗಾಳಿ ಸದ್ದು ಜಾಸ್ತಿ" ಅಂತಾರೆ. ಅದಕ್ಕೂ ಸೆಟ್ಟಿಂಗ್ ಇದೆ, ಮುಂದಿನ ತಿಂಗಳು ಮತ್ತೆ ಮೈಸೂರಿಗೆ ಹೋಗ್ಬೇಕು.

ಸಂಜೆ ಹೊತ್ತು ಈಗ ಕುರ್ಚಿ ಗೋಡೆಯಿಂದ ಮೂರಡಿ ಮುಂದೆ, ನನ್ನ ಸೋಫಾಗೆ ಹತ್ರದಲ್ಲೇ ಇದೆ. ಮೊನ್ನೆ ಸಿನಿಮಾ ನಡುವೆ ಅಪ್ಪ ನನ್ನ ಭುಜ ತಟ್ಟಿದ್ರು. ಏನೋ ಮೆಚ್ಚುಗೆ ಅಂದ್ಕೊಂಡು ತಿರುಗಿದೆ.

"ಆ ಕಿಟಕಿ ಕೆಳಗಿನ ಡಬ್ಬ ಇನ್ನೊಂಚೂರು ಕಮ್ಮಿ ಮಾಡಪ್ಪ" ಅಂದ್ರು.

ಮಾಡಿದೆ.